ಕೇರೆ ಹಾವಿಗೆ ತುಪ್ಪ

ಹೋದ ವಾರ ನಮ್ಮ ಮಾವನ ಮನೆಯ ಹಿತ್ತಲಿನಲ್ಲಿ ಸತ್ತು ಬಿದ್ದಿದ್ದ ಒಂದು ಹಾವನ್ನು ಬಹುಮತದಿಂದ ಕೇರೆ ಹಾವು ಎಂದು ತೀರ್ಮಾನಿಸಲಾಯಿತು. ಹಾವಿನ ಅಭಿಪ್ರಾಯ ಕೇಳುವ ಸ್ಥಿತಿ ಇರಲಿಲ್ಲ. ಅದು ಕಚ್ಚಿದ್ದು ನಮ್ಮ ಅತ್ತೆಯನ್ನು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗಲು ಅಣ್ಣನೋ ತಮ್ಮನೋ ಬರಬೇಕು. ಅದು ನಮ್ಮ ಕಡೆಯ ಪದ್ಧತಿ. ನನ್ನ ಹೆಂಡತಿ ಸುಮಿತ್ರಾಳ ತಮ್ಮ ಶಂಕರ ಈ ಸಲ ಬರಲಿಲ್ಲ. ಅವನ ಹೆಂಡತಿ ಗಂಗವ್ವ ಬಸುರಿ. ಹಿಂದೆ ಒಂದು ಸಲ ಬಸಿರು ನಿಂತಿರಲಿಲ್ಲವಾದ್ದರಿಂದ ಈ ಸಲ ಮನೆಯವರೆಲ್ಲ ಕೈಯಲ್ಲಿ ಜೀವ ಹಿಡಿದುಕೊಂಡಿದ್ದರು. ಹೀಗಾಗಿ ಟ್ರಂಕು ಹೊರುವ ಕೆಲಸ ನನ್ನ ಪಾಲಿಗೆ ಬಂತು. ಸಿಂದಗಿಯಿಂದ ತಾಂಬಾಕ್ಕೆ ಬಸ್ಸು. ಅಲ್ಲಿಂದ ಮುಂದೆ ಶ್ರಾವಣದ ಎರೆ ಮಣ್ಣು. (ನಮ್ಮ ಎರೆಯಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಗೊತ್ತು: ಊರು ಮುಟ್ಟುವಷ್ಟರಲ್ಲಿ ಪ್ರತಿ ಚಪ್ಪಲಿಯೂ ಕಾಲು ಎಕರೆ ಜಮೀನಿನ ಮಾಲೀಕನಾಗಿರುತ್ತದೆ.)

ಮಾವ ಗುರಲಿಂಗಪ್ಪ ಊರಿನಲ್ಲಿ ಮಾತು ನಡೆಯುವ ಮನುಷ್ಯ. ಪಂಚಮಿಯ ದಿನ ನಾಗಪ್ಪನ ಕಟ್ಟೆಗೆ ಮೊದಲ ಹಾಲು ಇವರ ಮನೆಯದೇ. ಕಟ್ಟೆಗೆ ಹಾಸುಗಲ್ಲು ಹಾಕಿಸಿದವರೂ ಇವರೇ. ನಾವು ಹೋದ ಮರುದಿನ ರೊಟ್ಟಿ ಪಂಚಮಿ. ಅದರ ಮಾರನೆಯ ದಿನ ಹಾಲು ಎರೆಯುವುದು. ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಕಾಯಿಪಲ್ಯ ಹೆಚ್ಚುವಂತಿಲ್ಲ, ನೆಲ ಅಗೆಯುವಂತಿಲ್ಲ, ನಾಗಪ್ಪನಿಗೆ ನೋವಾಗುತ್ತದೆ. ಆದ್ದರಿಂದ ರೊಟ್ಟಿಯೆಲ್ಲ ಹಿಂದಿನ ದಿನವೇ ಆಗಬೇಕು. ರೊಟ್ಟಿ ಪಂಚಮಿಯ ಬೆಳಗಿನಿಂದಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ನಾನು ಪಡಸಾಲೆಯಲ್ಲಿ ಅಳಿಯತನ ಮಾಡುತ್ತ ಹಳೆಯ ಪೇಪರ್ ಓದುತ್ತಿದ್ದೆ.

ಅತ್ತೆ ನೀಲವ್ವ ರೊಟ್ಟಿ ಬಿಟ್ಟು ಎದ್ದು, ಎಮ್ಮೆಗೆ ಒಂದು ಸೂಡು ಜೋಳದ ಕಣಿಕೆ ಹಾಕಿ ಬರುತ್ತೇನೆಂದು ಹಿತ್ತಲಿಗೆ ಹೋದರು. ಬಣವೆಗೆ ಕೈ ಹಾಕಿ ಎಳೆದರು. ಸೂಡಿನ ಜೊತೆ ಹಾವೂ ಬಂತು.

"ಹುಳ ಮುಟ್ತು" ಎಂದು ಅತ್ತೆ ಕೂಗಿದರು. (ನಮ್ಮ ಕಡೆ ಹಾವು ಎನ್ನುವುದಿಲ್ಲ, ಹುಳ. ಕಚ್ಚಿತು ಎನ್ನುವುದಿಲ್ಲ, ಮುಟ್ಟಿತು. ಅಪಾಯ ದೊಡ್ಡದಾದಷ್ಟೂ ಹೆಸರು ಸಣ್ಣದಿರಬೇಕು ಎಂಬುದು ನಮ್ಮ ಹಿರಿಯರ ಲೆಕ್ಕ.) ನಾನು ಪೇಪರ್ ಮಡಚಿ ಚಪ್ಪಲಿ ಹುಡುಕುವಷ್ಟರಲ್ಲಿ ಶಂಕರ ಬಡಿಗೆ ಹಿಡಿದು ಓಡಿದ. ನಾನು ಹಿತ್ತಲು ಮುಟ್ಟಿದಾಗ ಕೆಲಸ ಮುಗಿದಿತ್ತು. ಹಾವಿನ ತಲೆ ಇರಬೇಕಾದ ಕಡೆ ಕೆಂಪು ಖಾರದಂಥದ್ದು ಏನೋ ಇತ್ತು. ಶಂಕರ ಬಡಿಗೆ ಹಿಡಿದುಕೊಂಡೇ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಅಲ್ಲೇ ಮುಸುರಿ ಪಾತ್ರೆ ತಿಕ್ಕುತ್ತಿದ್ದ ಗಂಗವ್ವ ಬೂದಿಗೈಯಲ್ಲೇ ಗೋಡೆಗೆ ಒರಗಿದ್ದಳು.

ಅವನ ಮುಖ ಯಾಕೆ ಹಾಗಾಗಿತ್ತು ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾಗರ ಹಾವೆಂದರೆ ನಾಗಪ್ಪ, ಅವನನ್ನು ಯಾರೂ ಯಾವಾಗಲೂ ಹೊಡೆಯಬಾರದು. ಮನೆಯಲ್ಲಿ ಬಸುರಿ ಇದ್ದಾಗ ಆಕೆಯ ಗಂಡನಂತೂ ಕೈ ಎತ್ತಲೇಬಾರದು. ಪಂಚಮಿಯ ಹಿಂದಿನ ದಿನ ಹೊಡೆದರೆ ಅದಕ್ಕೆ ಹೆಸರೇ ಇಲ್ಲ. ಹುಟ್ಟುವ ಕೂಸಿಗೆ ಏನೇನು ಆಗುತ್ತದೆ ಎಂಬುದನ್ನು ಕೂಗು ಕೇಳಿ ಅಲ್ಲಿ ಸೇರಿದ ಮುದುಕಿಯರೆಲ್ಲ ಬಾಯಿಪಾಠ ಹೇಳಬಲ್ಲವರು. ಎಲ್ಲರ ಕಣ್ಣೂ ಒಮ್ಮೆ ಗಂಗವ್ವನ ಹೊಟ್ಟೆಯ ಮೇಲೆ ಹೋಗಿ ಬಂದವು.

ಆಗ ಕಮಿಟಿ ಕೂಡಿತು.

ಬಸವನ ಬಾಗೇವಾಡಿಯಿಂದ ಇಂಡಿಯವರೆಗೆ ಯಾವ ಊರಿಗಾದರೂ ಹೋಗಿ, ಹಾವು ಗುರುತಿಸಲು ಬಾರದ ಗಂಡಸು ನಿಮಗೆ ಸಿಗುವುದಿಲ್ಲ. ಕಮಿಟಿಯ ಅಧ್ಯಕ್ಷ ಪಕ್ಕದ ಮನೆಯ ಈರಪ್ಪ ಕಾಕಾ. ಊರಿನ ಏಕೈಕ ಟ್ರ್ಯಾಕ್ಟರಿನ ಒಡೆಯ. ಟ್ರ್ಯಾಕ್ಟರ್ ಬಂದಾಗಿನಿಂದ ಬೀಜ, ಗೊಬ್ಬರ, ರಾಜಕೀಯ, ಕುಟುಂಬ ಯೋಜನೆ ಎಲ್ಲದರಲ್ಲೂ ತಜ್ಞ. ಕೋಲಿನಿಂದ ಹಾವನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊರಳಿಸಿದರು.

"ಕೇರಿ ಐತಿ. ಬಾಲ ನೋಡ್ರಿ, ಎಷ್ಟುದ್ದ ಐತಿ."

"ಹೌದಲ್ಲ. ಹೆಡಿ ಎಲ್ಲೈತಿ? ಹೆಡಿ ಇಲ್ಲಂದಮ್ಯಾಲ ನಾಗಪ್ಪ ಹೆಂಗಾಗ್ತೈತಿ?" ಎಂದರು ಇನ್ನೊಬ್ಬರು.

ಸತ್ತ ಮೇಲೂ ಹೆಡೆ ಬಿಚ್ಚಿಕೊಂಡೇ ಇರುವ ನಾಗರ ಹಾವು ಕ್ಯಾಲೆಂಡರಿನಲ್ಲಿ ಮಾತ್ರ ಸಿಗುತ್ತದೆ. ಸತ್ತ ನಾಗರ ಹೆಡೆ ಮಡಚಿಕೊಂಡು ಎಲ್ಲ ಹಾವುಗಳಂತೆ ಬಿದ್ದಿರುತ್ತದೆ. ಅದನ್ನು ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಮುದುಕ, "ಕೊಳಕಮಂಡಲ ಇದ್ದೀತೇನೋ" ಎಂದ. ಅವನನ್ನು ಎಲ್ಲರೂ ಸೇರಿ ಸುಮ್ಮನಾಗಿಸಿದರು. ಕೊಳಕುಮಂಡಲವಾದರೆ ಪಾಪವಿಲ್ಲ, ಖರೆ. ಆದರೆ ವಿಷವಿದೆಯಲ್ಲ? ಕೇರೆಯ ಸೌಕರ್ಯವೇ ಬೇರೆ. ಆ ಒಂದು ಹೆಸರಿನಲ್ಲಿ ಪಾಪವೂ ಇಲ್ಲ, ವಿಷವೂ ಇಲ್ಲ, ದವಾಖಾನೆಯೂ ಇಲ್ಲ, ಹಬ್ಬವೂ ಕೆಡುವುದಿಲ್ಲ.

"ಮಾಸ್ತರ್ರ, ನೀವು ಸಾಲ್ಯಾಗ ಸೈನ್ಸ್ ಕಲಿಸವ್ರು. ನೀವ ಹೇಳ್ರಿ" ಎಂದು ಈರಪ್ಪ ಕಾಕಾ ನನ್ನತ್ತ ತಿರುಗಿದರು.

ಪುಸ್ತಕದಲ್ಲಿ ಒಂದು ಉಪಾಯವಿದೆ. ಹಾವಿನ ಮೇಲ್ದುಟಿಯ ಮೂರನೆಯ ಹುರುಪೆ ಒಂದು ಕಡೆ ಕಣ್ಣಿಗೂ ಇನ್ನೊಂದು ಕಡೆ ಮೂಗಿನ ಹುರುಪೆಗೂ ತಾಗಿದ್ದರೆ ಅದು ನಾಗರ. ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಪಂಚೆ ಎತ್ತಿ ಕಟ್ಟಿ, ಕುಕ್ಕುರುಗಾಲಿನಲ್ಲಿ ಕೂತು ನೋಡಿದೆ. ತುಟಿ ಇರಲಿಲ್ಲ. ಕಣ್ಣೂ ಇರಲಿಲ್ಲ. ಮೂಗಿನ ಸುದ್ದಿ ಬೇಡ. ಪುಸ್ತಕ ಬರೆದವರು ನಮ್ಮ ಶಂಕರನ ಬಡಿಗೆಯನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

"ತಲಿ ಇಲ್ಲದ ಗುರುತು ಹಿಡಿಯೂದು ಕಠಿಣ ಐತ್ರಿ. ಏನರ ಇರಲಿ, ದವಾಖಾನಿಗೆ ಹೋಗೂದು ಚಲೋ" ಎಂದೆ.

"ಕೇಳಿದ್ರಿಲ್ಲೋ? ಮಾಸ್ತರ್ರೂ ನಾಗಪ್ಪ ಅನ್ನಲಿಲ್ಲ" ಎಂದರು ಈರಪ್ಪ ಕಾಕಾ. ನನ್ನ ಮತವನ್ನೂ ಕೇರೆಯ ಪಾಲಿಗೆ ಸೇರಿಸಲಾಯಿತು. ಅಳಿಯನ ಮಾತು ಊಟದ ಎಲೆಯ ಮುಂದೆ ಬೇಡ ಬೇಡ ಎನ್ನುವಾಗಲೂ ನಡೆಯುವುದಿಲ್ಲ. ಇಲ್ಲಿ ನಡೆದೀತೇ?

ಇನ್ನು ಅತ್ತೆಯ ಪರೀಕ್ಷೆ. ಬೇವಿನ ತಪ್ಪಲು ತಂದು ಬಾಯಿಗೆ ಹಾಕಿದರು. ಕಹಿ ಹತ್ತಿದರೆ ವಿಷವಿಲ್ಲ, ಹತ್ತದಿದ್ದರೆ ವಿಷ ಏರಿದೆ ಎಂದು ಅರ್ಥ. ಅತ್ತೆ ಮುಖ ಕಿವಿಚಿ, "ಕಹಿ ಐತಿ, ಇನ್ನೇನು ಬೆಲ್ಲದಂಗ ಇರ್ತೈತೇನು?" ಎಂದರು. ಕಮಿಟಿಗೆ ಅಷ್ಟೇ ಸಾಕಾಗಿತ್ತು. ಎಲ್ಲರೂ ಉಸಿರು ಬಿಟ್ಟು, ಎಲೆ ಅಡಿಕೆ ಹಾಕಿಕೊಂಡು ಪಡಸಾಲೆಗೆ ನಡೆದರು.

ನಗಬೇಡಿ. ಹೆಸರಿನಲ್ಲಿ ರೋಗ ವಾಸಿ ಮಾಡುವ ವಿದ್ಯೆ ಹಳ್ಳಿಯವರದೊಂದೇ ಅಲ್ಲ. ಸರಕಾರ ಬರಗಾಲ ಎನ್ನುತ್ತದೆಯೇ? ಅಭಾವ ಪರಿಸ್ಥಿತಿ ಎನ್ನುತ್ತದೆ. ರೇಷನ್ ಅಂಗಡಿಯವನು ಸಕ್ಕರೆ ಇಲ್ಲ ಎನ್ನುತ್ತಾನೆಯೇ? ಬರೂದೈತಿ ಎನ್ನುತ್ತಾನೆ. ನಮ್ಮ ಸ್ಟಾಫ್ ರೂಮಿನಲ್ಲಿ ದಡ್ಡ ಹುಡುಗ ಎಂಬ ಪ್ರಾಣಿಯೇ ಇಲ್ಲ, ಗಮನ ಕಡಿಮೆ ಇರುವವರು ಮಾತ್ರ ಇದ್ದಾರೆ. ಎಲ್ಲರೂ ಅವರವರ ಹಿತ್ತಲಿನ ಹಾವಿಗೆ ಕೇರೆ ಎಂದು ಹೆಸರಿಟ್ಟು ಎಲೆ ಅಡಿಕೆ ಹಾಕಿಕೊಂಡವರೇ. ವ್ಯತ್ಯಾಸವೆಂದರೆ ನಮ್ಮ ಮಾವನ ಮನೆಯಲ್ಲಿ ಒಂದು ಕೈ ಊದುತ್ತಿತ್ತು.

ಹೌದು, ಅತ್ತೆಯ ಬಲಗೈ ಊದುತ್ತಿತ್ತು. ಸುಮಿತ್ರಾ ಸೀರೆಯ ಅಂಚು ಹರಿದು ಕಟ್ಟಿದಳು. ಬಳೆಗಳು ಬಿಗಿಯಾಗಿ ಒಡೆದು ತೆಗೆಯಬೇಕಾಯಿತು. ಅವಳು ಸೀದಾ ಪಡಸಾಲೆಗೆ ಬಂದಳು.

"ಅಪ್ಪಾ, ಅವ್ವನ್ನ ದವಾಖಾನಿಗೆ ಕರಕೊಂಡು ಹೋಗೂಣು."

"ಕೇರಿ ಮುಟ್ಟಿದ್ದಕ್ಕ ದವಾಖಾನಿ ಯಾಕವ್ವ? ಹೋದ್ರ ಮಂದಿ ಏನಂತಾರ? ಹೋದ್ರಂದ್ರ ಅದು ನಾಗಪ್ಪನ ಅಂತಾರ."

ಮಾವನ ತರ್ಕ ನೋಡಿ. ಮೊದಲು ಕೇರೆ ಎಂದದ್ದು ಪಾಪ ತಪ್ಪಿಸಲು. ಈಗ ಕೇರೆ ಎಂದದ್ದನ್ನು ಉಳಿಸಿಕೊಳ್ಳಲು ಹೆಂಡತಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು. ಅತ್ತೆ ದವಾಖಾನೆಗೆ ಹೋದರೆ ಮೊಮ್ಮಗನ ಮೇಲೆ ದೋಷ ಬರುತ್ತದೆ. ಹೋಗದಿದ್ದರೆ? ಆ ಪ್ರಶ್ನೆಯನ್ನು ಪಡಸಾಲೆಯಲ್ಲಿ ಯಾರೂ ಎತ್ತಲಿಲ್ಲ. ಸುಮಿತ್ರಾ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಮದುವೆಯಾದ ಓದುಗರಿಗೆ ಅದು ಗೊತ್ತು.

ಒಳಗಿನಿಂದ ಅತ್ತೆಯ ದನಿ ಕೇಳಿತು. "ಸುಮಾ, ಕಣ್ಣು ಎಳ್ಯಾಕತ್ತಾವ ನೋಡು. ತೆರಿಯಾಕ ಬರವಲ್ದು."

"ನಸುಕಿನ್ಯಾಗಿಂದ ರೊಟ್ಟಿ ಬಡದಾಳ. ನಿದ್ದಿ ಬಂದೈತಿ, ಮಲಗಲಿ ಬಿಡ್ರಿ" ಎಂದು ಯಾರೋ ಅಂದರು.

ನಾನು ಒಳಗೆ ಹೋಗಿ ನೋಡಿದೆ. ಅದು ನಿದ್ದೆಯಾಗಿರಲಿಲ್ಲ. ಅತ್ತೆ ಎಚ್ಚರವಿದ್ದರು. ರೆಪ್ಪೆಗಳು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ಇನ್ನೊಮ್ಮೆ ಆ ಹಾವಿನ ಹೊಟ್ಟೆ, ಬೆನ್ನು, ಏನಾದರೂ ನೋಡಿ ಖಚಿತ ಮಾಡಿಕೊಂಡು ಜಗಳ ತೆಗೆದೇ ಬಿಡೋಣವೆಂದು ಹಿತ್ತಲಿಗೆ ಹೋದೆ.

ಕೇರೆ ಹಾವು ಸತ್ತರೆ ತಿಪ್ಪೆಗೆ ಹೋಗುತ್ತದೆ. ಕಾಗೆಗೆ ಊಟ. ಅದು ಎಲ್ಲ ಊರಿನ ನಿಯಮ. ತಿಪ್ಪೆಯ ಮೇಲೆ ಹಾವು ಇರಲಿಲ್ಲ. ಬಾವಿಯ ಆಚೆ ತೆಳ್ಳಗೆ ಹೊಗೆ ಕಾಣಿಸಿತು.

ಹೋಗಿ ನೋಡಿದರೆ ಮಾವ. ಪಡಸಾಲೆಯಿಂದ ಯಾವಾಗ ಎದ್ದು ಬಂದಿದ್ದರೋ. ಸಗಣಿಯ ಕುಳ್ಳು ಒಟ್ಟಿದ್ದರು. ಕುಳ್ಳಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಹಾವು. ಬಟ್ಟೆಯ ಮೇಲೆ ಗಂಧದ ತುಂಡು, ಒಂದು ತಾಮ್ರದ ಬಿಲ್ಲೆ. ಮಾವನ ಕೈಯಲ್ಲಿ ತುಪ್ಪದ ಗಿಂಡಿ. ಒಂದೊಂದೇ ಚಮಚ ತೆಗೆದು, ಕಣ್ಣು ಮುಚ್ಚಿ, ಏನೋ ಬೇಡಿಕೊಳ್ಳುತ್ತ ಹಾಕುತ್ತಿದ್ದರು.

ಅಂದರೆ, ಓದುಗರೇ, ನನಗೆ ತುಟಿಯ ಹುರುಪೆ ಬೇಕಾಗಲಿಲ್ಲ. ಜಗತ್ತಿನ ಯಾವ ಮೂಲೆಯಲ್ಲೂ ಯಾರೂ ಕೇರೆ ಹಾವಿಗೆ ತುಪ್ಪ ಹಾಕಿ ಸುಟ್ಟಿಲ್ಲ.

"ಮಾವಾರ, ಕೇರಿಗೆ ತುಪ್ಪ ಯಾಕ್ರಿ?"

ಮಾವ ಬೆಚ್ಚಿ ತಿರುಗಿದರು.

"ಸುಳ್ಳು ಹೇಳಿದ್ದು ಊರಿಗೆ ಮಾಸ್ತರ್ರ, ನಾಗಪ್ಪಗ ಅಲ್ಲ. ಅಂವಂದು ಅಂವಗ ಮುಟ್ಟಸಾಕತ್ತೇನಿ. ಆ ಹುಡುಗಿ ಹೊಟ್ಟಿ ತಣ್ಣಗಿರಲಿ ಅಂತ."

"ಮತ್ತ ಅತ್ತ್ಯಾರದು ಹೆಂಗ್ರಿ?"

ಮಾವ ಗಿಂಡಿಯನ್ನು ಕೆಳಗಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ಹೆಂಡತಿಗೆ ಜ್ವರ ಬಂದರೆ ತಾವು ಗಂಜಿ ಕುಡಿಯುವ ಜಾತಿ. ಆದರೆ ಬೆಳಗಿನಿಂದ ಹೇಳಿ ಹೇಳಿ ಅವರಿಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು: ಹಾವು ಸುಡುವಷ್ಟು ನಾಗರ, ಕಚ್ಚುವಷ್ಟು ಕೇರೆ. "ಕಣ್ಣು ತೆರಿಯಾಕ ಆಗವಲ್ದು ಅವರಿಗೆ" ಎಂದೆ. ಮಾವ ಎದ್ದರು. ಧೋತರದ ಚುಂಗು ಮಣ್ಣಿಗೆ ಎಳೆಯುತ್ತಿದ್ದರೂ ನೋಡದೆ ಈರಪ್ಪ ಕಾಕಾನ ಟ್ರ್ಯಾಕ್ಟರಿನತ್ತ ಓಡಿದರು.

ಈರಪ್ಪ ಕಾಕಾ ಟ್ರ್ಯಾಕ್ಟರ್ ಕೊಟ್ಟರು. "ಅದು ಕೇರಿನ. ಆದ್ರೂ ಒಂದು ಧನುರ್ವಾಯು ಇಂಜೆಕ್ಷನ್ ಹಾಕಿಸಿದ್ರ ತಪ್ಪೇನಿಲ್ಲ" ಎಂಬ ತಿದ್ದುಪಡಿಯೊಂದಿಗೆ. ಟ್ರೇಲರಿನಲ್ಲಿ ಕಣಿಕೆ ಹಾಸಿ, ಮೇಲೆ ಕೌದಿ ಹಾಸಿ ಅತ್ತೆಯನ್ನು ಮಲಗಿಸಿದೆವು. ಆಗ ಗಂಗವ್ವ ಬಂದು ಸುಮ್ಮನೆ ಟ್ರೇಲರ್ ಹತ್ತಿದಳು. ಹೆಂಗಸರೆಲ್ಲ ಬೇಡವೆಂದರು. ಈ ದಾರಿ, ಈ ಟ್ರ್ಯಾಕ್ಟರ್, ನಿನ್ನ ಈ ಸ್ಥಿತಿ ಎಂದರು. ಅವಳು ಅತ್ತೆಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಈ ಮನೆಗೆ ಬಂದಾಗಿನಿಂದ ಮಾವನ ಎದುರು ಒಂದು ಮಾತೂ ಆಡದ ಹುಡುಗಿ ಅವಳು. ರೊಟ್ಟಿ ದಪ್ಪ ಬಡಿದಳೆಂದು ಅದೇ ಬೆಳಿಗ್ಗೆ ಅತ್ತೆಯಿಂದ ಬೈಸಿಕೊಂಡಿದ್ದಳು ಕೂಡ.

ಉಳಿದ ನಾವೂ ಕಮಿಟಿಯ ಕೆಲವರೂ ಹಿಂದೆಯೇ ಹತ್ತಿದೆವು. ದಾರಿಯ ವರ್ಣನೆ ಬಿಡುತ್ತೇನೆ. ತಾಲೂಕಿನ ಊರಿನ ದವಾಖಾನೆ ಮುಟ್ಟಿದಾಗ ಅತ್ತೆಯ ಮಾತು ತೊದಲುತ್ತಿತ್ತು. ಡಾಕ್ಟರು ತರುಣ, ಬೆಂಗಳೂರು ಕಡೆಯವರು. ಟಾರ್ಚ್ ಹಾಕಿ ಕಣ್ಣು ನೋಡಿದರು, ಕೈ ನೋಡಿದರು.

"ಯಾವ ಹಾವು?"

ಗಂಡಸರೆಲ್ಲ ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ನೋಡತೊಡಗಿದರು.

"ಕೇರಿ ಇರಬೇಕ್ರಿ" ಎಂದರು ಈರಪ್ಪ ಕಾಕಾ.

"ಹಂಗ ಕಂಡಿತ್ರಿ" ಎಂದ ಶಂಕರ.

ನಾನು ವಿಜ್ಞಾನದ ಮಾಸ್ತರ. ಸುಮ್ಮನಿರಲಾದೀತೇ? "ನಾಗರವೂ ಇರಬಹುದು" ಎಂದೆ.

"ಇರಬಹುದು ಅಂದ್ರೆ ಏನ್ರೀ?" ಡಾಕ್ಟರು ರೇಗಿದರು. "ವಿಷದ ಔಷಧ ನನ್ನ ಹತ್ರ ಸ್ವಲ್ಪ ಇದೆ. ಅದೂ ಕೆಲವರಿಗೆ ಒಗ್ಗೋದಿಲ್ಲ, ಕೊಟ್ಟರೆ ಅದೇ ಅಪಾಯ ಆಗಬಹುದು. ಲಕ್ಷಣ ನೋಡಿದ್ರೆ ಕೊಡಬೇಕು ಅನ್ನಿಸ್ತಿದೆ. ನೀವು ಕೇರೆ ಅಂತೀರಿ. ಯಾರಾದ್ರೂ ಕಣ್ಣಾರೆ ನೋಡಿದವರು ಇದ್ದೀರೋ ಇಲ್ಲವೋ?"

ಮಾವ ಮಣ್ಣಾದ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಎದುರಿಗೆ ಊರಿನ ನಾಲ್ಕು ಮಂದಿ ನಿಂತಿದ್ದರು. ತುಪ್ಪದ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂದು ನಾನು ವಾಕ್ಯ ಜೋಡಿಸುತ್ತಿದ್ದೆ. (ಮಾಸ್ತರಿಕೆಯ ರೋಗ ಇದು. ಬೆಂಕಿ ಬಿದ್ದರೂ ಪೀಠಿಕೆ ಬೇಕು.)

"ನಾಗಪ್ಪರಿ."

ಬಾಗಿಲ ಹತ್ತಿರ ಗಂಗವ್ವ. ತಲೆಯ ಮೇಲಿನ ಸೆರಗು ಬಿಗಿಯಾಗಿ ಹಿಡಿದಿದ್ದಳು. ಮಾವನ ಕಡೆ ನೋಡಲಿಲ್ಲ. ಗಂಡನ ಕಡೆಯೂ ನೋಡಲಿಲ್ಲ.

"ನಾ ಅಲ್ಲೇ ಮುಸುರಿ ತಿಕ್ಕಾಕತ್ತಿದ್ನಿ. ಅತ್ತಿ ಕೈ ಬಿಡಿಸಿಕೊಂಡ ಮ್ಯಾಲ ಅದು ಹೆಡಿ ಬಿಚ್ಚಿ ನಿಂತಿತ್ರಿ. ಹೆಡಿ ಮ್ಯಾಲ ಗುರ್ತ ಇತ್ತು, ನಾ ನೋಡೇನಿ. ಹೊಡದವರು ನಮ್ಮ ಮನ್ಯಾವ್ರು. ಪಾಪ ಬರೂದಿದ್ರ ನನಗ ಬರಲಿ. ಅತ್ತಿಗೆ ಔಷಧ ಹಾಕ್ರಿ."

ಡಾಕ್ಟರು ಕಂಪೌಂಡರನನ್ನು ಕೂಗಿ ಒಳಗೆ ಓಡಿದರು. ಇದ್ದ ಔಷಧವನ್ನೆಲ್ಲ ಏರಿಸಿದರು. ಇನ್ನಷ್ಟು ತರಲು ವಿಜಾಪುರಕ್ಕೆ ಜೀಪು ಕಳಿಸಿದರು. ಶಂಕರ ದವಾಖಾನೆಯ ಕಟ್ಟೆಯ ಮೇಲೆ ಕೂತು ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತ. ಗಂಗವ್ವ ಅಳಲಿಲ್ಲ. ಅವಳನ್ನು ಸುಮಿತ್ರಾ ತಬ್ಬಿಕೊಂಡಾಗ ಮಾತ್ರ, ಕೂಸು ಒದೆಯಾಕತ್ತೈತಿ ಎಂದು ಮೆಲ್ಲಗೆ ಹೇಳಿದಳಂತೆ.

ಅತ್ತೆ ಕಣ್ಣು ತೆರೆದದ್ದು ಮರುದಿನ. ಊರಿನಲ್ಲಿ ಎಲ್ಲರೂ ಹಾಲು ಎರೆಯುವ ಹೊತ್ತು. ನಾಗಪ್ಪನ ಕಟ್ಟೆಗೆ ಈ ವರ್ಷ ಮೊದಲ ಹಾಲು ಮಾವನ ಮನೆಯಿಂದ ಹೋಗಲಿಲ್ಲ. ಮಾವ ದವಾಖಾನೆಯ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದರು.

ಅಷ್ಟರಲ್ಲಿ ಈರಪ್ಪ ಕಾಕಾ ರೊಟ್ಟಿ, ಶೇಂಗಾ ಉಂಡಿ ಕಟ್ಟಿಕೊಂಡು ಬಂದರು. ಜೊತೆಗೆ ಕಮಿಟಿಯ ಇನ್ನಿಬ್ಬರು. ಅತ್ತೆಯನ್ನು ನೋಡಿ ಸಂತೋಷಪಟ್ಟರು. ನಿಜವಾಗಿಯೂ ಪಟ್ಟರು, ಸುಳ್ಳು ಹೇಳಬಾರದು. ಆಮೇಲೆ ಕೆಮ್ಮಿ, "ಬಾಲ ನೋಡಿದಾಗ ನನಗ ಖಾತ್ರಿ ಆಗಿತ್ರಿ, ನಾಗಪ್ಪನ ಅಂತ. ಆದ್ರ ಬಸುರಿ ಮುಂದ ಹೆಂಗ ಹೇಳೂದು? ಹೆದರ್ತಾಳಂತ ಸುಮ್ನ ಇದ್ನಿ" ಎಂದರು. ಇನ್ನಿಬ್ಬರೂ ತಲೆಯಾಡಿಸಿದರು. ಅವರಿಗೂ ಮೊದಲೇ ಗೊತ್ತಿತ್ತಂತೆ. ಲೆಕ್ಕ ಹಾಕಿದರೆ ಆ ಹಿತ್ತಲಿನಲ್ಲಿ ಹಾವನ್ನು ಗುರುತಿಸದೇ ಇದ್ದವನು ನಾನೊಬ್ಬನೇ ಎಂದಾಯಿತು.

ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಸುಮಿತ್ರಾ ಅವರಿಗೆ ಅದಾಗಲೇ ಎಲ್ಲ ಹೇಳಿದ್ದಳು. ಬ್ಯಾಂಡೇಜಿಲ್ಲದ ಕೈಯಿಂದ ಗಂಗವ್ವನನ್ನು ಹತ್ತಿರ ಕರೆದರು. ಅವಳು ಬಗ್ಗಿದಾಗ ಅವಳ ಹೊಟ್ಟೆಯ ಮೇಲೆ ಕೈ ಇಟ್ಟರು. ಆಮೇಲೆ ಮಾವನನ್ನು, ಶಂಕರನನ್ನು, ಕಮಿಟಿಯನ್ನು, ನನ್ನನ್ನು ಒಬ್ಬೊಬ್ಬರನ್ನಾಗಿ ನೋಡಿದರು. ದನಿ ಇನ್ನೂ ಸಣ್ಣಗಿತ್ತು, ಆದರೆ ತೊದಲು ಹೋಗಿತ್ತು.

"ಹೊಟ್ಟ್ಯಾಗ ಕೂಸು ಇಟಗೊಂಡಾಕಿ ಅಂಜಲಿಲ್ಲ. ನಿಮ್ಮ ಹೊಟ್ಟ್ಯಾಗ ಏನಿತ್ತಂತ ಇಷ್ಟು ಅಂಜಿದ್ರಿ?"